ಕಾನ್ವೆಂಟಿನ ಟೆಸ್ಟು: ಆ ಮಾರ್ಕ್ಸಿಗೆ ಎಷ್ಟು ಬೆಲೆ?

ಮದ್ದೂರು ಎಂದ ಕೂಡಲೇ ಹೊರಗಿನವರಿಗೆ ವಡೆ ನೆನಪಾಗುತ್ತದೆ. ನಾವು ಹೇಳುತ್ತಿರುವುದು ಮಂಡ್ಯದ ಆ ಮದ್ದೂರಲ್ಲ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆ ಹೋಗುವಾಗ ಬಂಡೀಪುರದ ಕಾಡಂಚಿನಲ್ಲಿ ಸಿಗುವ ಮದ್ದೂರು. ಇಂಥ ಊರಿನಿಂದ ಮಗುವನ್ನು ಪೇಟೆಯ ಕಾನ್ವೆಂಟಿಗೆ ಹಾಕಬೇಕೆಂದರೆ ಮೊದಲು ಹುಟ್ಟುವ ಭಯ: ಟೆಸ್ಟಿನಲ್ಲಿ ಮಾರ್ಕ್ಸ್ ಬರದಿದ್ದರೆ?

ನೂರು ವರ್ಷದ ಹಿಂದೆ ಚಿಂತೆ ಉಲ್ಟಾ ಇತ್ತು. ನಮ್ಮ ಸೀಮೆ ಮೈಸೂರು ಸಂಸ್ಥಾನದಲ್ಲಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾನೂನು ಬಂತು. ಮಕ್ಕಳು ಹೇಗಾದರೂ ಶಾಲೆಗೆ ಬರಲಿ ಎನ್ನುವುದು ಅಂದಿನ ಯೋಚನೆ. ಸೀಟಿಗಿಂತ ಅರ್ಜಿ ಹೆಚ್ಚಾದ ಖಾಸಗಿ ಶಾಲೆಗಳು ಬಂದ ಮೇಲೆ ಮಕ್ಕಳನ್ನು ಜರಡಿ ಹಿಡಿಯುವುದು ರೂಢಿಯಾಯಿತು. ಜೊತೆಗೇ ಡೊನೇಷನ್ನೂ ಬಂತು.

ಡೊನೇಷನ್ ತಡೆಯಲು ಕರ್ನಾಟಕ 1984ರಲ್ಲೇ ಕಾನೂನು ಮಾಡಿತು. 1992ರಲ್ಲಿ ನಮ್ಮ ರಾಜ್ಯದ ಮೆಡಿಕಲ್ ಸೀಟಿನ ಶುಲ್ಕದ ಮೇಲೆ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಹೂಡಿದ್ದ ಕೇಸಿನಲ್ಲಿ, ಶಿಕ್ಷಣ ಪ್ರಜೆಯ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ಇನ್ನೊಂದು ತೀರ್ಪು ಆ ಹಕ್ಕನ್ನು 14 ವರ್ಷದವರೆಗಿನ ಮಕ್ಕಳಿಗೆ ಸೀಮಿತ ಮಾಡಿತು. 2002ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ಬಂತು. 2010ರ ಏಪ್ರಿಲ್ 1ರಿಂದ ಆರ್‌ಟಿಇ ಜಾರಿಯಾಯಿತು.

ಅದರ 13ನೇ ಸೆಕ್ಷನ್ ನೆನಪಿಡಿ. ಮಗುವಿಗೋ ಅಪ್ಪ ಅಮ್ಮನಿಗೋ ಪರೀಕ್ಷೆ, ಸಂದರ್ಶನ ಮಾಡಿ ಸೀಟು ಹಂಚುವಂತಿಲ್ಲ. ಆರಿಸಲೇಬೇಕಾದರೆ ಚೀಟಿ ಎತ್ತುವ ಥರದ ವಿಧಾನವೇ ಆಗಬೇಕು. ಮೀರಿದ ಶಾಲೆಗೆ ಮೊದಲ ಸಲ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲ 50,000 ರೂಪಾಯಿವರೆಗೆ ದಂಡ. ಅಂದರೆ 1ರಿಂದ 8ನೇ ಕ್ಲಾಸಿನವರೆಗೆ ಟೆಸ್ಟಿನ ಮಾರ್ಕ್ಸ್ ತೋರಿಸಿ 'ಸೀಟಿಲ್ಲ' ಅನ್ನುವಂತಿಲ್ಲ. ಅಂದರೆ, ಬಿಇಒ ಆಫೀಸಿಗೆ ಬರೆದುಕೊಡಿ.

ಕಾನೂನಿನಲ್ಲಿ ತೂತುಗಳೂ ಇವೆ. 9ನೇ ಕ್ಲಾಸಿಗೆ, ಪಿಯುಸಿಗೆ ಇದು ಅನ್ವಯಿಸುವುದಿಲ್ಲ. 2014ರ ತೀರ್ಪಿನ ನಂತರ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೂ ಇಲ್ಲ. ನರ್ಸರಿ ಸೇರಿಸುವಾಗ 13ನೇ ಸೆಕ್ಷನ್ ಬರುವುದಿಲ್ಲ ಎಂದು 2013ರಲ್ಲಿ ದಿಲ್ಲಿ ಹೈಕೋರ್ಟ್ ಹೇಳಿತ್ತು. ಖಾಸಗಿ ಶಾಲೆಯಲ್ಲಿ ಬಡ ಮಕ್ಕಳಿಗಿದ್ದ ಶೇ. 25 ಸೀಟಿನ ಬಾಗಿಲನ್ನು ನಮ್ಮ ಸರ್ಕಾರವೇ 2019ರ ಸಾಲಿನಿಂದ ಹೆಚ್ಚುಕಮ್ಮಿ ಮುಚ್ಚಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ. ಇದು ನಮಗೆ ಸರಿ ಕಾಣುವುದಿಲ್ಲ.

ಮಾರ್ಕ್ಸಿಗೆ ನಿಜಕ್ಕೂ ಬೆಲೆ ಇರುವ ಟೆಸ್ಟು ಬೇರೆ ಇದೆ. ನಮ್ಮ ಜಿಲ್ಲೆಯ ನವೋದಯ ಶಾಲೆ ಚಾಮರಾಜನಗರ ತಾಲೂಕಿನ ಹೊಂಡರಬಾಳಿನಲ್ಲಿದೆ. 6ನೇ ಕ್ಲಾಸಿಗೆ 100 ಅಂಕದ ಪರೀಕ್ಷೆ. ಒಂದು ಮಗು ಒಂದೇ ಸಲ ಬರೆಯಬಹುದು, ಕನ್ನಡದಲ್ಲೇ ಬರೆಯಬಹುದು. ಕಡಿಮೆಯೆಂದರೂ ಶೇ. 75 ಸೀಟು ಹಳ್ಳಿ ಮಕ್ಕಳಿಗೆ. ಆದರೆ 3, 4, 5ನೇ ಕ್ಲಾಸನ್ನು ಪೂರ್ತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಗುಂಡ್ಲುಪೇಟೆ ಪುರಸಭೆ ಇರುವ ಪಟ್ಟಣ. 3ನೇ ಕ್ಲಾಸಿಗೆ ಅಲ್ಲಿನ ಕಾನ್ವೆಂಟಿನ ವ್ಯಾನು ಹತ್ತಿಸಿದ ಮದ್ದೂರಿನ ಮಗು, ಮನೆ ಊರಲ್ಲೇ ಇದ್ದರೂ, ನವೋದಯದ ಲೆಕ್ಕದಲ್ಲಿ ಪಟ್ಟಣದ ಮಗು.