ರಸ್ತೆ ಮೈಗೆ ಹೇಳಿದ್ದು

ಮಳೆ ಬೀಳುವ ರಾತ್ರಿ ರಸ್ತೆಯ ಬಿಳಿ ಗೆರೆಗಳು ಕಾಣೆಯಾಗುತ್ತವೆ. ಬಣ್ಣ ಅಳಿಸಿರುವುದಿಲ್ಲ, ಅದರ ಮೇಲಿನ ನೀರಿನ ಪದರಕ್ಕೆ ತಾಗಿದ ಹೆಡ್‌ಲೈಟಿನ ಬೆಳಕು ಮುಂದಕ್ಕೆ ಜಾರಿಬಿಡುತ್ತದೆ, ಚಾಲಕನ ಕಣ್ಣಿಗೆ ಮರಳುವುದಿಲ್ಲ. 1950ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆಯಲ್ಲಿ ಈ ತೊಂದರೆಯ ಹಿಂದೆ ಬಿದ್ದವರು ಎಲ್ಬರ್ಟ್ ಬಾಟ್ಸ್. ಮೊದಲು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟರಾಗಿದ್ದವರು.

ನೀರಿಗಿಂತ ಎತ್ತರದಲ್ಲಿ ನಿಲ್ಲುವ ಗುರುತು ಬೇಕಿತ್ತು. ಹೀಗೆ ಹುಟ್ಟಿದ್ದು ಸುಮಾರು ನಾಲ್ಕು ಇಂಚು ಅಗಲದ ದುಂಡು ಬಿಲ್ಲೆ. ಮೊಳೆ ಹೊಡೆದು ಕೂರಿಸಿದರೆ ಬಿಲ್ಲೆ ಕಿತ್ತುಹೋಗಿ, ಉಳಿದ ಮೊಳೆ ಟೈರಿಗೆ ಚುಚ್ಚುತ್ತಿತ್ತು. ಎಪಾಕ್ಸಿ ಅಂಟು ಬಂದ ಮೇಲೆ ಕೆಲಸ ಕೈಗೂಡಿತು. ಬಾಟ್ಸ್ 1962ರಲ್ಲಿ ತೀರಿಕೊಂಡರು. ಹಿಮ ಬೀಳದ ಕಡೆಯ ಫ್ರೀವೇಗಳಿಗೆಲ್ಲ ಈ ಬಿಲ್ಲೆ ಕಡ್ಡಾಯವಾದದ್ದು 1966ರಲ್ಲಿ. ಹಿಮವಿದ್ದಲ್ಲಿ ಅದನ್ನು ಕೆರೆದು ತೆಗೆಯುವ ಯಂತ್ರ ಬಿಲ್ಲೆಗಳನ್ನೂ ಕೀಳುತ್ತದಲ್ಲ!

ಕಣ್ಣಿಗೆಂದು ಮಾಡಿದ ಈ ವಸ್ತುವಿನ ದೊಡ್ಡ ಉಪಕಾರ ಸಿಕ್ಕಿದ್ದು ಮೈಗೆ. ತೂಕಡಿಸಿದ ಚಾಲಕನ ಕಾರು ಗೆರೆ ದಾಟಿದರೆ ಚಕ್ರ ಟಕಟಕ ಎನ್ನುತ್ತದೆ. ಸ್ಟಿಯರಿಂಗು ಹಿಡಿದ ಕೈಗೆ, ಕೂತ ಸೀಟಿಗೆ ಆ ನಡುಕ ಏರುತ್ತದೆ. ಮುಚ್ಚಿದ ರೆಪ್ಪೆಗೆ ಬಣ್ಣ ಏನನ್ನೂ ಹೇಳಲಾರದು, ನಡುಕ ಹೇಳುತ್ತದೆ. ಬೇಕೆಂದೇ ಹೀಗೆ ಮಾಡಿದ ರಸ್ತೆ ಅದಾಗಲೇ ಇತ್ತು. 1952ರಲ್ಲಿ ನ್ಯೂಜೆರ್ಸಿಯ ಗಾರ್ಡನ್ ಸ್ಟೇಟ್ ಪಾರ್ಕ್‌ವೇಯ ಅಂಚಿನ ಕಾಂಕ್ರೀಟಿಗೆ ಏರಿಳಿತ ಕೊಟ್ಟಿದ್ದರು. ಅದರ ಹೆಸರು ‘ಹಾಡುವ ಅಂಚು’.

2004ರ ಹೊತ್ತಿಗೆ ಫ್ರಾನ್ಸಿನ ಸಿಟ್ರನ್ ಈ ನಡುಕವನ್ನು ರಸ್ತೆಯಿಂದ ಎತ್ತಿ ಕಾರಿನೊಳಗೆ ತಂದಿತು. ಮುಂದಿನ ಬಂಪರಿನ ಕೆಳಗಿನ ಇನ್‌ಫ್ರಾರೆಡ್ ಸೆನ್ಸರುಗಳು ಗೆರೆಯನ್ನು ಗಮನಿಸುತ್ತವೆ. ಗಂಟೆಗೆ 80 ಕಿಲೋಮೀಟರಿಗಿಂತ ವೇಗದಲ್ಲಿ, ಇಂಡಿಕೇಟರ್ ಹಾಕದೆ ಎಡಕ್ಕೆ ಸರಿದರೆ ಸೀಟಿನ ಎಡಭಾಗ ನಡುಗುತ್ತದೆ, ಬಲಕ್ಕೆ ಸರಿದರೆ ಬಲಭಾಗ. ನನಗೆ ಇದರಲ್ಲಿ ಹಿಡಿಸುವುದು ಈ ಎಡ-ಬಲದ ಲೆಕ್ಕವೇ. ಬೀಪ್ ಸದ್ದು ಕೇಳಿದವನು ಡ್ಯಾಶ್‌ಬೋರ್ಡಿನತ್ತ ನೋಡುತ್ತಾನೆ. ತೊಡೆಗೆ ತಟ್ಟಿಸಿಕೊಂಡವನು ನೋಡಬೇಕಾಗಿಲ್ಲ. ಪಕ್ಕದಲ್ಲಿ ಮಲಗಿದವರ ನಿದ್ದೆಯೂ ಕೆಡುವುದಿಲ್ಲ. ಕೆಲ ವರ್ಷಗಳಲ್ಲಿ ಕ್ಯಾಡಿಲಾಕ್ ಕಾರುಗಳ ಸೀಟೂ ನಡುಗತೊಡಗಿತು.

ಆದರೆ ಸೆನ್ಸರಿಗೆ ಗೆರೆ ಕಾಣಲೇಬೇಕು. ಬಾಟ್ಸ್ ಹೊರಟಿದ್ದ ಜಾಗಕ್ಕೇ ಮರಳಿ ಬಂದಂತಾಯಿತು. 2017ರಲ್ಲಿ ಕ್ಯಾಲಿಫೋರ್ನಿಯಾ ಇನ್ನು ಬಿಲ್ಲೆ ಅಂಟಿಸುವುದಿಲ್ಲವೆಂದು ತೀರ್ಮಾನಿಸಿ, ಆರು ಇಂಚಿನ ಅಗಲ ಗೆರೆಗಳತ್ತ ಹೊರಳಿತು. ಬಿಲ್ಲೆ ಬಾಳಿಕೆ ಬರುವುದಿಲ್ಲ, ಮತ್ತೆ ಮತ್ತೆ ಅಂಟಿಸಲು ಕೆಲಸಗಾರರು ವಾಹನಗಳ ನಡುವೆ ನಿಲ್ಲಬೇಕು, ಕಾರಣ ಸರಿಯೇ. ಅಂಚಿನಲ್ಲಿ ಕೊರೆದ ಗೀರುಗಳು ಹೇಗೂ ಇವೆ. ಲೇನುಗಳ ನಡುವೆ ಮಾತ್ರ, ನಡುಗುವ ಸೀಟಿಲ್ಲದ ಹಳೆಯ ಕಾರಿನಲ್ಲಿ ತೂಕಡಿಸುವವನನ್ನು ತಟ್ಟಲು ಈಗ ಬಣ್ಣವಷ್ಟೇ ಉಳಿದಿದೆ.