ವೇರಿಯೋಲಾ: ಸಿಡುಬಿನ ಹೆಸರಲ್ಲಿ ಅಡಗಿರೋ ಕಥೆ

ಕೋವಿಡ್ ಟೈಮಲ್ಲಿ ವ್ಯಾಕ್ಸಿನ್ ಸ್ಲಾಟ್‌ಗೋಸ್ಕರ ನಾವೆಲ್ಲ ಫೋನ್ ಹಿಡ್ಕೊಂಡು ಕೂತಿದ್ವಲ್ಲ, ಆ ವ್ಯಾಕ್ಸಿನ್ ಅನ್ನೋ ಪದದ ಬೇರು ಹುಡುಕ್ತಾ ಹೋದರೆ ಸಿಗೋದು ಸಿಡುಬಿನ ವೈದ್ಯಕೀಯ ಹೆಸರು: ವೇರಿಯೋಲಾ. ಇವತ್ತಿನ ಎಪಿಸೋಡ್ ಅದರ ಬಗ್ಗೆ.

ವೇರಿಯೋಲಾ ಲ್ಯಾಟಿನ್ ಪದ. ವೇರಿಯಸ್ ಅಂದರೆ ಚುಕ್ಕೆಚುಕ್ಕೆಯಾದದ್ದು, ವಾರಸ್ ಅಂದರೆ ಮೊಡವೆ. ಇವೆರಡರಲ್ಲಿ ಒಂದು ಇದರ ಮೂಲ. ಕ್ರಿ.ಶ. 570ರಲ್ಲಿ ಇಟಲಿ ಮತ್ತು ಇವತ್ತಿನ ಫ್ರಾನ್ಸ್ ಕಡೆ ಹಬ್ಬಿದ ಒಂದು ರೋಗಕ್ಕೆ ಅವೆಂಚಸ್‌ನ ಬಿಷಪ್ ಮಾರಿಯಸ್ ಈ ಪದ ಬಳಸಿದ್ದಾನೆ. ನಮ್ಮ ಆಯುರ್ವೇದದಲ್ಲಿರೋ ಹೆಸರು ಮಸೂರಿಕಾ. ಗುಳ್ಳೆಗಳು ಮಸೂರ್, ಅಂದ್ರೆ ಚನ್ನಂಗಿ ಬೇಳೆ ಥರ ಕಾಣ್ತವೆ ಅಂತ.

ಎರಡೂ ಹೆಸರು ಹೇಳೋದು ಕಣ್ಣಿಗೆ ಕಂಡದ್ದನ್ನ ಮಾತ್ರ. ನಾನು ಬಿ.ಕಾಂ ಓದಿದವನು, ನನ್ನ ಭಾಷೇಲಿ ಹೇಳ್ತೀನಿ. ಮೈಮೇಲೆ ಗುಳ್ಳೆ ಏಳೋ ಎಲ್ಲಾ ಕಾಯಿಲೆನೂ ಒಂದೇ ಅಕೌಂಟ್ ಹೆಡ್ ಕೆಳಗೆ ಬರೆದರೆ ಯಾವುದರಿಂದ ಎಷ್ಟು ನಷ್ಟ ಅಂತ ಗೊತ್ತಾಗೋದೇ ಇಲ್ಲ. 10ನೇ ಶತಮಾನದ ಹೊತ್ತಿಗೆ ಪರ್ಷಿಯಾದ ವೈದ್ಯ ಅಲ್-ರಾಝಿ ಸಿಡುಬು ಬೇರೆ, ದಡಾರ ಬೇರೆ ಅಂತ ಲಕ್ಷಣ ಹೋಲಿಸಿ ಒಂದು ಪುಸ್ತಕವನ್ನೇ ಬರೆದ. ಇಂಗ್ಲಿಷ್‌ನ ಸ್ಮಾಲ್‌ಪಾಕ್ಸ್‌ನಲ್ಲಿರೋ 'ಸ್ಮಾಲ್' ಕೂಡ ಇಂಥದ್ದೇ ವಿಂಗಡಣೆ. 15ನೇ ಶತಮಾನದ ಕೊನೆಯಲ್ಲಿ ಯುರೋಪಿಗೆ ಬಂದ ಸಿಫಿಲಿಸ್‌ಗೆ ದೊಡ್ಡ ಪಾಕ್ಸ್ ಅಂದ್ರು, ಇದು ಸಣ್ಣದಾಯ್ತು. ಆ 'ಸಣ್ಣ' ರೋಗ ತಗುಲಿದ 10 ಜನರಲ್ಲಿ ಸುಮಾರು 3 ಜನ ಸಾಯ್ತಿದ್ರು. ಬದುಕಿದವರಲ್ಲೂ ಎಷ್ಟೋ ಜನರಿಗೆ ಮುಖದ ತುಂಬ ಕಲೆ, ಕೆಲವರಿಗೆ ಕಣ್ಣೇ ಹೋಗ್ತಿತ್ತು.

ವ್ಯಾಕ್ಸಿನ್‌ಗೂ ಮೊದಲು ಇದ್ದ ಉಪಾಯದ ಹೆಸರು ವೇರಿಯೋಲೇಷನ್. ರೋಗಿಯ ಗುಳ್ಳೆಯ ಕೀವನ್ನೇ ಆರೋಗ್ಯವಂತರ ಚರ್ಮಕ್ಕೆ ಸೇರಿಸೋದು. ಸಾವು ತುಂಬಾ ಕಡಿಮೆ ಆಗ್ತಿತ್ತು, ಆದ್ರೆ ಹಾಕಿಸ್ಕೊಂಡವರಿಂದ ಅಕ್ಕಪಕ್ಕದವರಿಗೆ ಅಸಲಿ ಸಿಡುಬೇ ಹರಡಬಹುದಿತ್ತು.

ಇಲ್ಲಿ ಬರ್ತಾನೆ ಎಡ್ವರ್ಡ್ ಜೆನ್ನರ್. 1796ರ ಮೇ 14ರಂದು, ಹಾಲು ಕರೆಯೋ ಹುಡುಗಿಯ ಕೈಮೇಲಿದ್ದ ಹಸುವಿನ ಸಿಡುಬಿನ ಗುಳ್ಳೆಯಿಂದ ರಸ ತೆಗೆದು, 8 ವರ್ಷದ ಹುಡುಗನಿಗೆ ಹಾಕಿದ. ಆಮೇಲೆ ಅಸಲಿ ಸಿಡುಬಿನ ಕೀವು ಹಾಕಿದ್ರೂ ಹುಡುಗನಿಗೆ ರೋಗ ಬರಲಿಲ್ಲ. ಇವತ್ತು ಯಾವ ಎಥಿಕ್ಸ್ ಕಮಿಟಿನೂ ಒಪ್ಪದ ಪ್ರಯೋಗ ಅದು. 1798ರ ತನ್ನ ಪುಸ್ತಕದಲ್ಲಿ ಜೆನ್ನರ್ ಹಸುವಿನ ರೋಗಕ್ಕೆ ಕೊಟ್ಟ ಹೆಸರು ವೇರಿಯೋಲೇ ವ್ಯಾಕ್ಸಿನೇ. ವಾಕಾ ಅಂದ್ರೆ ಹಸು, ಹಾಗಾಗಿ 'ಹಸುವಿನ ಸಿಡುಬು'. ಇದು ಸಿಡುಬಿನ ನೆಂಟನೇ ಅನ್ನೋ ವಾದವನ್ನ ಹೆಸರಲ್ಲೇ ಇಟ್ಟುಬಿಟ್ಟ.

1802ರ ಜೂನ್ 14ಕ್ಕೆ ಆ ಲಸಿಕೆ ಮುಂಬೈನಲ್ಲಿ 3 ವರ್ಷದ ಮಗುವಿಗೆ ಬಿತ್ತು. ಭಾರತದಲ್ಲಿ ಅದೇ ಮೊದಲು. ಫ್ರಿಜ್ ಇಲ್ಲದ ಕಾಲ, ಒಬ್ಬರ ತೋಳಿಂದ ಇನ್ನೊಬ್ಬರ ತೋಳಿಗೆ ರಸ ದಾಟಿಸ್ತಾ ಊರೂರಿಗೆ ಒಯ್ಯಬೇಕಿತ್ತು. ನಮ್ಮ ಮೈಸೂರಿನ ಕೊಂಡಿನೂ ಇಲ್ಲಿದೆ. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಮೈಸೂರು ರಾಣಿಯರ ಚಿತ್ರದಲ್ಲಿ ಒಬ್ಬರು ಸೀರೆ ಸರಿಸಿ ತೋಳು ತೋರಿಸ್ತಾರೆ. ಅದು ಲಸಿಕೆ ಹಾಕಿಸ್ಕೊಂಡ ಜಾಗ, ಜನರಿಗೆ ಧೈರ್ಯ ತುಂಬೋ ಪ್ರಚಾರ ಅಂತಾರೆ ಇತಿಹಾಸಕಾರ ನೈಜೆಲ್ ಚಾನ್ಸೆಲರ್.

1881ರಲ್ಲಿ ಲೂಯಿ ಪಾಶ್ಚರ್, ಜೆನ್ನರ್‌ನ ಗೌರವಕ್ಕೆ ಎಲ್ಲಾ ರೋಗಗಳ ಲಸಿಕೆಗೂ ವ್ಯಾಕ್ಸಿನ್ ಅನ್ನೋ ಹೆಸರೇ ಇರಲಿ ಅಂದ. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆ, ಸಿಡುಬು ಭೂಮಿ ಮೇಲಿಂದ ಹೋಯ್ತು ಅಂತ ಘೋಷಿಸಿತು. ಈಗ ವೇರಿಯೋಲಾ ವೈರಸ್ ಅಧಿಕೃತವಾಗಿ ಇರೋದು ಅಮೆರಿಕ ಮತ್ತು ರಷ್ಯಾದ ಎರಡು ಲ್ಯಾಬ್‌ಗಳಲ್ಲಿ ಮಾತ್ರ. ರೋಗದ ಹೆಸರು ಅಲ್ಲಿ ಬೀಗದೊಳಗಿದೆ. ಅದಕ್ಕೆ ಅಂಟಿಕೊಂಡಿದ್ದ ಹಸುವಿನ ವಿಶೇಷಣ ಮಾತ್ರ ನಿಮ್ಮ ಫೋನಲ್ಲಿರೋ ಸರ್ಟಿಫಿಕೇಟ್ ಮೇಲಿದೆ.

ಮನೇಲಿ ಹಿರಿಯರಿದ್ರೆ ಅವರ ತೋಳಿನ ಮೇಲಿರೋ ದುಂಡನೆ ಕಲೆ ಬಗ್ಗೆ ಒಂದ್ಸಲ ಕೇಳಿ ನೋಡಿ.