ಕೊರಿಯದ ಊಟದ ಮನೆ

ದಕ್ಷಿಣ ಕೊರಿಯದ ನಾಕ್‌ಡಾಂಗ್ ನದಿಯ ದಡದ ಸಾಮ್‌ಗಾಂಗ್ ಎಂಬ ಹಳೆಯ ದೋಣಿಗಟ್ಟದಲ್ಲಿ, 1900ರ ಸುಮಾರಿನಲ್ಲಿ ಕಟ್ಟಿದ ಪುಟ್ಟ ಮಣ್ಣುಗೋಡೆಯ ಮನೆಯೊಂದುಂಟು. ಅಕ್ಷರವರಿಯದ ಅದರ ಒಡತಿಯು ಗಿರಾಕಿಗಳ ಬಾಕಿಯನ್ನು ನೆನಪಿಡಲೆಂದು ಅಡುಗೆಮನೆಯ ಗೋಡೆಯ ಮೇಲೆ ಗೀರಿದ ಗೆರೆಗಳೂ, ಸಾಲ ತೀರಿದೊಡನೆ ಅವಕ್ಕೆ ಅಡ್ಡಲಾಗಿ ಎಳೆದ ಗೆರೆಗಳೂ ಅಲ್ಲಿ ಉಳಿದುಬಂದಿವೆ. ಇಂತಹ ಪಾಂಥಗೃಹವನ್ನು ಕೊರಿಯದವರು ಜುಮಾಕ್ ಎಂದೂ ಅದರ ಒಡತಿಯನ್ನು ಜುಮೋ ಎಂದೂ ಕರೆದರು. ಸಾಮ್‌ಗಾಂಗಿನ ಜುಮೋ 2005ರಲ್ಲಿ ತೀರಿಕೊಂಡಾಗ ಒಂದು ದೀರ್ಘ ಪರಂಪರೆಯ ಕೊನೆಯ ಕೊಂಡಿ ಕಳಚಿತೆಂದು ಆ ನಾಡು ಮರುಗಿತು.

ಜೋಸೋನ್ ಅರಸರ ಕಾಲದ ಉತ್ತರಾರ್ಧದಲ್ಲಿ, ಐದು ದಿನಕ್ಕೊಮ್ಮೆ ಕೂಡುವ ಸಂತೆಗಳು ಬೆಳೆದು ವರ್ತಕರ ಸಂಚಾರವು ಹೆಚ್ಚಿದಂತೆಲ್ಲ, ದಾರಿಯ ಕವಲುಗಳಲ್ಲಿಯೂ ಕಣಿವೆಯ ಬಾಯಿಗಳಲ್ಲಿಯೂ ಜುಮಾಕ್‌ಗಳು ಹಬ್ಬಿದುವು. ಬಿಸಿ ಸಾರಿನಲ್ಲಿ ಅನ್ನವನ್ನು ಮುಳುಗಿಸಿದ ಗುಕ್‌ಬಾಪ್, ಅಕ್ಕಿಯಿಂದ ಹುದುಗಿಸಿದ ಬೆಳ್ಳನೆಯ ಮದ್ಯ, ಜೊತೆಗೊಂದಿಷ್ಟು ಉಪ್ಪಿನಲ್ಲಿಟ್ಟ ಸೊಪ್ಪು: ಇಷ್ಟಕ್ಕೆ ಹಣ ಕೊಟ್ಟವನಿಗೆ ರಾತ್ರಿ ಮಲಗಲು ಬೆಚ್ಚನೆಯ ನೆಲ ಬೇರೆ ಬೆಲೆಯಿಲ್ಲದೆ ದೊರಕುತ್ತಿದ್ದಿತು. ಹಾಸಿಗೆಯಿಲ್ಲ, ಏಕಾಂತವಿಲ್ಲ; ಅಪರಿಚಿತರೆಲ್ಲರೂ ಒಂದೇ ಕೋಣೆಯಲ್ಲಿ ಒತ್ತರಿಸಿಕೊಂಡು ಮಲಗಬೇಕು. ಆದರೂ ಕೊಂಡುದರೊಡನೆ ಕೊಳ್ಳದುದೂ ಬರುವ ಈ ವಾಡಿಕೆಯೇ ಕೊರಿಯದ ಸಾಮಾನ್ಯ ಊಟದ ಮನೆಯ ಜೀವಾಳವೆಂದು ನಾನು ಬಗೆಯುತ್ತೇನೆ.

ನಗರಗಳು ಬೆಳೆದಮೇಲೆ ಜುಮಾಕ್‌ನ ಕೊಪ್ಪರಿಗೆಯು ಸೋಲ್ ಪಟ್ಟಣದ ಬೀದಿಗಳಿಗೆ ಬಂದಿತು. ದನದ ಎಲುಬನ್ನು ಗಂಟೆಗಟ್ಟಲೆ ಕುದಿಸಿ ಹಾಲಿನಂತೆ ಬಿಳುಪೇರಿಸಿದ ಸಾರಿನ ಅಂಗಡಿಗಳು ಕೂಲಿಕಾರನಿಗೂ ಗುಮಾಸ್ತನಿಗೂ ಸಮಾನವಾಗಿ ಬಡಿಸಿದುವು. ಆಮೇಲೆ 1950ರಿಂದ 1953ರವರೆಗಿನ ಯುದ್ಧವು ನಾಡನ್ನು ಸುಟ್ಟಿತು. ಅಮೆರಿಕದ ಸೈನಿಕ ಶಿಬಿರಗಳಿಂದ ಹೊರಬಿದ್ದ ಡಬ್ಬಿಯ ಮಾಂಸವನ್ನು ಕಿಮ್ಚಿಯೆಂಬ ಹುದುಗಿಸಿದ ತರಕಾರಿಯೊಡನೆ ಬೇಯಿಸಿ ಹಸಿವನ್ನು ತಣಿಸಿದವರ ಆ ಪಾಕವು ಇಂದು ಉಯಿಜೊಂಗ್‌ಬು ಪಟ್ಟಣದ ಹೆಗ್ಗಳಿಕೆಯಾಗಿದೆ.

ಅಕ್ಕಿಯ ಅಭಾವವು ಮಾತ್ರ ಬಹುಕಾಲ ಬಿಡಲಿಲ್ಲ. 1969ರಿಂದ ಸರ್ಕಾರವು ಬುಧವಾರ ಮತ್ತು ಶನಿವಾರಗಳಂದು ಹಗಲು 11ರಿಂದ 5 ಗಂಟೆಯವರೆಗೆ ಊಟದ ಮನೆಗಳಲ್ಲಿ ಅಕ್ಕಿಯ ಪದಾರ್ಥಗಳ ಮಾರಾಟವನ್ನು ನಿಷೇಧಿಸಿ, ಆಮದಿನ ಗೋಧಿಹಿಟ್ಟಿನ ಆಹಾರವನ್ನು ಪ್ರಚಾರ ಮಾಡಿತು. ಇಂದು ಶಾಲಾಮಕ್ಕಳು ಮುತ್ತುವ ಅಗ್ಗದ ತಿಂಡಿಯಂಗಡಿಗಳು ಹಬ್ಬಿದುದು ಬಹುಮಟ್ಟಿಗೆ ಆ ನೀತಿಯ ಫಲವಾಗಿಯೇ. 1976ರಲ್ಲಿ ಸೋಲ್ ನಗರಾಡಳಿತವು ಇನ್ನೂ ಮುಂದೆ ಹೋಗಿ, ಅನ್ನದ ಬಟ್ಟಲು ಉಕ್ಕಿನದಾಗಿರಬೇಕು, 10.5 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಎತ್ತರವಿರಬೇಕು, ಅದರ ಐದರಲ್ಲಿ ನಾಲ್ಕು ಭಾಗ ಮಾತ್ರ ತುಂಬಬೇಕು ಎಂದು ವಿಧಿಸಿತು. ಹಿಂದಿನ ತಲೆಮಾರಿನವರು ಬಟ್ಟಲ ಅಂಚನ್ನು ಮೀರಿ ಗೋಪುರದಂತೆ ಒಟ್ಟಿದ ಅನ್ನವನ್ನುಂಡ ನಾಡಿನಲ್ಲಿ ಈ ಅಳತೆಯು ಎಷ್ಟು ಕಠಿನವಾಗಿ ತೋರಿರಬೇಕೆಂಬುದನ್ನು ಊಹಿಸಬಹುದು. ಮುಚ್ಚಳವುಳ್ಳ ಆ ಉಕ್ಕಿನ ಬಟ್ಟಲು ಇಂದಿಗೂ ಅಲ್ಲಿನ ಮೇಜುಗಳ ಮೇಲಿದೆ. ಅದರ ಹಿಂದಿನ ಅಭಾವದ ನೆನಪು ಉಣ್ಣುವವರಲ್ಲಿ ಬಹುಮಂದಿಗಿಲ್ಲ.

ಅನ್ನವನ್ನು ಅಳೆದ ಸರ್ಕಾರವು 1980ರ ದಶಕದಲ್ಲಿ, ಆಹಾರವು ಉಣ್ಣದೆ ಉಳಿದು ಹಾಳಾಗುವುದನ್ನು ತಡೆಯಲೆಂದು, ಬಾನ್‌ಚಾನ್ ಎನ್ನುವ ನಂಜಿಕೊಳ್ಳುವ ಪದಾರ್ಥಗಳಿಗೂ ಬೇರೆ ಬೇರೆ ಬೆಲೆ ಕಟ್ಟಿಸಲು ಯತ್ನಿಸಿತು. ಉದ್ದೇಶವು ಸಾಧುವೇ ಆಗಿದ್ದರೂ ಆ ಯತ್ನವು ನೆಲೆಗೊಳ್ಳಲಿಲ್ಲ. ಜುಮಾಕ್‌ನ ಬೆಚ್ಚನೆಯ ನೆಲದಂತೆ ಬಾನ್‌ಚಾನ್ ಕೂಡ ಊಟದೊಡನೆ ತಾನಾಗಿ ಬರಬೇಕಾದುದೆಂಬ ಭಾವನೆಯು ಜನರಲ್ಲಿ ಅಷ್ಟು ಆಳವಾಗಿ ಬೇರೂರಿದ್ದಿತು. ಆದುದರಿಂದ ಅಲ್ಲಿನ ಊಟದ ಮನೆಯನ್ನು ಹೊಗುವ ಓದುಗರು, ಬರಿದಾದ ಬಟ್ಟಲಿಗೆ ಇನ್ನೊಮ್ಮೆ ಕಿಮ್ಚಿಯನ್ನು ಕೇಳಲು ಸಂಕೋಚಪಡಬೇಕಾದುದಿಲ್ಲ. ಆದರೆ ಕೇಳಿ ಪಡೆದುದನ್ನು ದಯವಿಟ್ಟು ಉಳಿಸದೆ ಉಣ್ಣಿರಿ.